ಕೀಫನ ಹೆಂಡತಿ ಕೇಳಿದ ಹೆಸರು

ಇದು ನಮ್ಮ ಹಿಂದಿನ ಬೀದಿಯ ಹೇಜಲ್ ಟ್ವೀಡಿಗೆ ಆದದ್ದು. ಕತೆ ಕಟ್ಟುವುದರಲ್ಲಿ ಹೇಜಲ್ ಎತ್ತಿದ ಕೈ, ಆ ಮಾತು ಬೇರೆ. ಪೆನ್ರೋಸ್ ಕೋಟೆಯಲ್ಲಿ ಅಕ್ಟೋಬರ್ ತಿಂಗಳಿಡೀ ರಾತ್ರಿ ಹೊತ್ತು ಲಾಟೀನು ಹಿಡಿದು, ದೆವ್ವದ ಕತೆ ಹೇಳುತ್ತಾ ಜನರನ್ನು ಸುತ್ತಾಡಿಸುತ್ತಾರಲ್ಲ, ಅಲ್ಲಿ ಬರುವ ಆರು ದೆವ್ವಗಳಲ್ಲಿ ನಾಲ್ಕನ್ನು ಹುಟ್ಟಿಸಿದ್ದೇ ಅವಳು. ಸಿಡಿಮದ್ದಿನ ಮನೆಯಲ್ಲಿ ಕೆಮ್ಮುವ ಮುದುಕ ಅವಳವನು. ತಲೆಯಿಲ್ಲದ ತುತ್ತೂರಿಯವನೂ ಅವಳವನೇ. ತಲೆಯೇ ಇಲ್ಲದವನು ತುತ್ತೂರಿ ಊದುವುದು ಹೇಗೆ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಹಾಗಾಗಿ ಇದನ್ನೂ ಅವಳೇ ಹೊಸೆದಿರಬೇಕು ಅಂತ ನೀವು ಅಂದುಕೊಂಡರೆ ತಪ್ಪೇನಿಲ್ಲ. ಆದರೆ ಈ ಕತೆಯನ್ನು ಟಿಕೆಟ್ ಕೊಂಡವರಿಗೆ ಅವಳು ಹೇಳಿಲ್ಲ. ಹೇಳಿದ್ದು ಒಂದೇ ಸಲ... ಅಡುಗೆಮನೆಯ ಮೇಜಿನ ಮುಂದೆ ಕೂತು, ತಲೆ ಎತ್ತದೆ.

ಹಗಲು ಹೊತ್ತು, ಕೋಟೆ ನೋಡಲು ಬಂದವರಿಗೆ ಹಿಂದಿನ ಕಾಲ ತೋರಿಸಲು, ಅವಳದು ಅಲ್ಲಿ ಸಿಪಾಯಿಯ ಹೆಂಡತಿಯ ವೇಷ. ಉಣ್ಣೆಯ ಲಂಗ, ಬಿಳಿ ಟೋಪಿ, ಎದೆಗೆ ಅಡ್ಡ ಕಟ್ಟಿದ ಶಾಲು, ಮುಂದೆ ಮರದ ತೊಟ್ಟಿ. ಕೋಟೆ ಬ್ರಿಟಿಷರು ಕಟ್ಟಿದ್ದು, ನದಿಯ ಆಚೆ ದಂಡೆ ಅಮೆರಿಕದವರ ಪಾಲಾದ ಕಾಲದಲ್ಲಿ. ಯುದ್ಧ ಬಂದಾಗ ಆಚೆಯವರು ಸುಟ್ಟರು, ಈಚೆಯವರು ಮತ್ತೆ ಕಟ್ಟಿದರು. ಶಾಂತಿಯಾದ ಮೇಲೆ ಅದು ಯಾರಿಗೂ ಬೇಡವಾಯಿತು. ಕುರಿ ಮೇಯ್ದವು. ಗಾಲ್ಫ್ ಆಡಿದರು. ಊರಿಗೆ ಊರೇ ಕೆಲಸವಿಲ್ಲದೆ ಕೂತಿದ್ದ ವರ್ಷಗಳಲ್ಲಿ ಹೇಜಲ್‌ಳ ಅಜ್ಜ ಸರ್ಕಾರದ ಕೂಲಿಗೆ ಹೋಗಿ, ಹಳೆಯ ನಕ್ಷೆ ನೋಡಿಕೊಂಡು ಆ ಮರದ ಗೋಡೆಗಳನ್ನು ಇನ್ನೊಮ್ಮೆ ನಿಲ್ಲಿಸಿದ. ಈಗ ಅಜ್ಜನ ಗೋಡೆಯನ್ನೇ ಜನ ಮುಟ್ಟಿ ಮುಟ್ಟಿ ನೋಡಿ, ಆಹಾ ಎಷ್ಟು ಹಳೆಯದು ಅನ್ನುತ್ತಾರೆ.

ತೊಟ್ಟಿಯ ಮುಂದೆ ನಿಂತು ಹೇಜಲ್ ಹೇಳುವ ಪಾಠ ನಮಗೆಲ್ಲ ಬಾಯಿಪಾಠ. ನೂರು ಸಿಪಾಯಿಗಳಿದ್ದರೆ ಆರೇ ಹೆಂಡತಿಯರಿಗೆ ಒಳಗೆ ಜಾಗ. ಅವರು ದಳದ ಬಟ್ಟೆ ಒಗೆಯಬೇಕು, ಅದಕ್ಕೆ ಗಂಡಸಿನ ಅರ್ಧ ಪಾಲು ರೊಟ್ಟಿ ಮಾಂಸ. ಗಂಡ ಸತ್ತರೆ ಮೂರು ತಿಂಗಳು ಆ ಪಾಲು ಉಂಟು. ಅಷ್ಟರೊಳಗೆ ಅದೇ ದಳದ ಇನ್ನೊಬ್ಬನ ಹೆಸರು ಹೇಳಿ ಅವನನ್ನು ಮದುವೆಯಾಗಬೇಕು. ಇಲ್ಲವೋ, ಮಕ್ಕಳ ಕೈ ಹಿಡಿದುಕೊಂಡು ಗೇಟಿನ ಆಚೆ.

"ಗಂಡನ ಹೆಣದ ಪೆಟ್ಟಿಗೆ ಎತ್ತೋ ಹೊತ್ತಿಗೇ ನಾಲ್ಕು ಜನ ಸಾಲಲ್ಲಿ ನಿಂತಿರ್ತಿದ್ರಂತೆ," ಅನ್ನುತ್ತಿದ್ದಳು ಕೊನೆಗೆ. "ಈಗ ನೋಡಿ, ಜೀವ ಇರೋ ಗಂಡನ್ನೇ ಹುಡ್ಕೋಕೆ ಫೋನ್ ತಿಕ್ಕಬೇಕು!"

ಜನ ಗೊಳ್ಳೆಂದು ನಗುತ್ತಿದ್ದರು. ಮಾರ್ಚ್ ಕೊನೆಯಲ್ಲಿ ಅವಳ ಗಂಡ ಆಂಗಸ್ ಸತ್ತ. ಮೇ ತಿಂಗಳಲ್ಲಿ ಕೋಟೆಯ ಬಾಗಿಲು ತೆರೆದಾಗ ಅವಳು ಅದೇ ತೊಟ್ಟಿಯ ಮುಂದೆ ನಿಂತು ಅದೇ ಮಾತು ಹೇಳಿದಳು. ಜನ ನಕ್ಕರು. ಬೀಗದ ಕೈ ನೋಡಿಕೊಳ್ಳುವ ಪರ್ಸಿ ಮಾತ್ರ ಎದ್ದು ಹೊರಗೆ ಹೋದ.

ಆಂಗಸ್ ಶಾಲೆಯ ಬಸ್ ಓಡಿಸುತ್ತಿದ್ದವನು. ಸಂಜೆ ಕೊನೆಯ ಮಗುವನ್ನು ಇಳಿಸಿ, ಬಸ್ಸನ್ನು ಶೆಡ್ಡಿಗೆ ತಂದು ನಿಲ್ಲಿಸಿ, ಕೈಬ್ರೇಕು ಎಳೆದು, ಸೀಟಿನಲ್ಲೇ ಹೋಗಿಬಿಟ್ಟ. ಸುದ್ದಿ ಬಂದಾಗ ಹೇಜಲ್ ಆಲೂಗಡ್ಡೆ ಸುಲಿಯುತ್ತಿದ್ದಳು. ಮಿಕ್ಕ ಎರಡು ಆಲೂಗಡ್ಡೆ ಸುಲಿದು ಮುಗಿಸಿ ಕೋಟು ಹಾಕಿಕೊಂಡು ಹೊರಟಳಂತೆ. ಅಂದಿನಿಂದ ಅಳಲಿಲ್ಲ. ಅಳು ತಡೆದುಕೊಂಡದ್ದಲ್ಲ, ಅದು ಬರಲೇ ಇಲ್ಲ. ಒಳಗೆ ಎಲ್ಲ ಜೋಮು ಹಿಡಿದ ಕಾಲಿನ ಹಾಗೆ, ತನ್ನದೇ ಆದರೂ ತನ್ನದಲ್ಲ. ಬೂದಿಯ ಪೆಟ್ಟಿಗೆ ಮನೆಗೆ ಬಂತು. ಸದ್ಯಕ್ಕೆ ಇರಲಿ ಅಂತ ಫ್ರಿಜ್ಜಿನ ಮೇಲಿಟ್ಟಳು, ಒಂದು ಕಡೆ ಕಾರ್ನ್‌ಫ್ಲೇಕ್ಸ್ ಡಬ್ಬ, ಇನ್ನೊಂದು ಕಡೆ ರೇಡಿಯೋ. ಸದ್ಯಕ್ಕೆ ಅಂದದ್ದು ಏಳು ತಿಂಗಳಾಯಿತು.

ಆಂಗಸ್‌ನ ಅಕ್ಕ ಡೋರಿನ್ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು.

"ಹೇಜಲ್, ನೋಡಮ್ಮ, ನೆಲ ಹೆಪ್ಪುಗಟ್ಟಿದ್ರೆ ಗುಂಡಿ ತೋಡೋರು ಏಪ್ರಿಲ್‌ವರೆಗೂ ಬರಲ್ಲ. ಅಪ್ಪ ಅಮ್ಮನ ಪಕ್ಕ ಜಾಗ ಇದೆ. ಅವನನ್ನ ಎಷ್ಟು ದಿನ ಅಂತ ಅಡುಗೆಮನೇಲಿ ಇಟ್ಕೊಳ್ತೀಯ?"

"ನೋಡೋಣ ಅತ್ತಿಗೆ."

"ನೋಡೋಣ ನೋಡೋಣ ಅಂತ ಬೇಸಿಗೆ ಮುಗೀತು. ಮುಂದಿನ ಶನಿವಾರ ನಾನು ಬರ್ತಿದೀನಿ. ಹೂಂ ಅಂತೀಯೋ, ಊಹೂಂ ಅಂತೀಯೋ, ಅವತ್ತು ಬಾಯಿ ಬಿಟ್ಟು ಹೇಳು."

ಹೇಜಲ್‌ಗೆ ಹೂಂ ಅನ್ನಲೂ ಆಗುತ್ತಿರಲಿಲ್ಲ, ಊಹೂಂ ಅನ್ನಲೂ ಆಗುತ್ತಿರಲಿಲ್ಲ. ಕೊಟ್ಟರೆ ಅವನು ಹೋದ ಹಾಗೆ. ಇಟ್ಟುಕೊಂಡರೆ... ಇಟ್ಟುಕೊಂಡು ಮಾಡುವುದೇನು?

ಆ ಶನಿವಾರಕ್ಕೆ ಎರಡು ದಿನ ಬಾಕಿ ಇದ್ದಾಗಿನ ಮಾತು. ವರ್ಷದ ಕೊನೆಯ ದೆವ್ವದ ಸುತ್ತಾಟ ಮುಗಿದಿತ್ತು. ಒಂಬತ್ತೂವರೆ. ಜನರ ಕಾರುಗಳು ಒಂದೊಂದಾಗಿ ಹೊರಟವು. ಪರ್ಸಿ ದೊಡ್ಡ ಬಾಗಿಲಿಗೆ ಬೀಗ ಜಡಿದ.

"ಕಾರಲ್ಲಿ ಬಿಡ್ತೀನಿ ಬಾ ಹೇಜಲ್. ಚಳಿ ಕೊರೀತಿದೆ."

"ಬೇಡಪ್ಪ, ಹಿಂದಿನ ಬಾಗಿಲಿಂದ ನಡ್ಕೊಂಡ್ ಹೋಗ್ತೀನಿ. ಹತ್ತು ನಿಮಿಷ."

"ನಿನ್ನ ತುತ್ತೂರಿಯವನು ಸಿಕ್ರೆ ನನ್ನ ನಮಸ್ಕಾರ ಹೇಳು," ಅಂದ ಪರ್ಸಿ. ಅವನ ಕಾರಿನ ಸದ್ದು ತಿರುವಿನಲ್ಲಿ ಸಣ್ಣದಾಯಿತು. ಆಮೇಲೆ ಅದೂ ಇಲ್ಲ.

ವೇಷ ಬಿಚ್ಚಲು ಅವಳಿಗೆ ಬೇಜಾರು. ಹಾಗೇ ಲಾಟೀನು ಹಿಡಿದು ಹೊರಟಳು. ಸಿಪಾಯಿಗಳ ಉದ್ದ ಮನೆ ದಾಟಿದರೆ ಬಾವಿ. ಬಾವಿ ದಾಟಿದರೆ ಕೋಟೆ ಸುತ್ತಿನ ಮಣ್ಣಿನ ದಿಬ್ಬದೊಳಗೆ ಹಿಂದಿನ ಸಣ್ಣ ಬಾಗಿಲು. ಬಾವಿಯ ಬಾಯಿಗೆ ಅವಳ ಅಜ್ಜನ ಕಾಲದಲ್ಲೇ ಕಬ್ಬಿಣದ ಜಾಲರಿ ಹೊಡೆದಾಗಿದೆ. ರಾಟೆ ಇಲ್ಲ, ಹಗ್ಗ ಇಲ್ಲ. ನೀರಂತೂ ಇಲ್ಲವೇ ಇಲ್ಲ.

ಗಾಳಿ ನಿಂತಿತ್ತು. ಒಣ ಎಲೆ ಅವಳ ಕಾಲ ಕೆಳಗೆ ಚರಕ್ ಚರಕ್ ಅನ್ನುತ್ತಿತ್ತು.

ಥಪ್.

ನಿಂತಳು.

ಥಪ್... ಥಪ್... ಒದ್ದೆ ಬಟ್ಟೆಯ ಮೇಲೆ ಮರದ ಹಲಗೆ ಬೀಳುವ ಸದ್ದು. ಆರು ತಿಂಗಳು ದಿನಾ ತಾನೇ ಮಾಡುವ ಸದ್ದು ಅದು, ಹೇಜಲ್‌ಗೆ ಗುರುತು ಸಿಗದೆ ಇರುತ್ತದೆಯೇ. ಆಮೇಲೆ ಹಿಂಡಿದ ನೀರು ತೊಟ್ಟಿಗೆ ಸುರಿದ ಸದ್ದು. ಬಾವಿಯ ಪಕ್ಕ ಒಬ್ಬಳು ಹೆಂಗಸು ಮಂಡಿಯೂರಿ ಕೂತಿದ್ದಳು. ಲಂಗ, ಟೋಪಿ, ಮೊಣಕೈ ತನಕ ಮಡಿಸಿದ ತೋಳು. ಚಿಕ್ಕ ವಯಸ್ಸು, ಇಪ್ಪತ್ತೈದರ ಒಳಗೆ.

ಹೆದರಿದಳೇ ಅಂತ ನೀವು ಕೇಳುತ್ತೀರಿ. ಇಲ್ಲ. ಇಲ್ಲೇ ನೋಡಿ ಅವಳು ತಪ್ಪು ಮಾಡಿದ್ದು. ನಮ್ಮ ಕೋಟೆಯವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು. ವಾರಕ್ಕೊಬ್ಬರು ಹೊಸಬರು ಬಂದು ಸಂಬಳವಿಲ್ಲದೆ ವೇಷ ಹಾಕುವ ಜಾಗ ಅದು. ಯಾವಳೋ ಹೊಸಬಳು, ಪಾತ್ರ ಅಭ್ಯಾಸ ಮಾಡುತ್ತಿದ್ದಾಳೆ ಅಂದುಕೊಂಡಳು. ಅಲ್ಲೊಂದು ಕಟ್ಟುಪಾಡು ಇದೆ. ವೇಷದಲ್ಲಿರುವವರು ವೇಷದ ಮಾತು ಆಡಿದರೆ, ಎದುರಿನವರೂ ವೇಷದ ಮಾತನ್ನೇ ಆಡಬೇಕು, ನೋಡುವವರು ಇರಲಿ ಬಿಡಲಿ. 'ಏ, ನೀನು ಬ್ಯಾಂಕಿನಲ್ಲಿ ಕೂರೋಳಲ್ವಾ' ಅಂತ ನಡುವೆ ಬಾಯಿ ಹಾಕಿದರೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಹೇಜಲ್ ಮೊದಲು ನೋಡಿದ್ದು ಹೊಲಿಗೆ. ಅಲ್ಲಿ ಎಲ್ಲರೂ ಮೊದಲು ನೋಡುವುದು ಅದನ್ನೇ, ಮಿಷನ್ನಿನದೋ ಕೈಯದೋ ಅಂತ. ಕೈಯದು. ಬೆರಳುಗಳು ಬಿರಿದು, ಗೆಣ್ಣುಗಳು ಕೆಂಪಾಗಿದ್ದವು. ಪರವಾಗಿಲ್ಲ, ಮನಸ್ಸಿಟ್ಟು ಮಾಡಿದ್ದಾಳೆ ಅಂದುಕೊಂಡಳು.

"ಅಕ್ಕಾ," ಅಂದಳು ಅವಳು. ಪಿಸುಮಾತು. "ದೀಪ ಸ್ವಲ್ಪ ಕೆಳಗೆ ಹಿಡಿ. ಕಾವಲಿನೋನು ನೋಡ್ತಾನೆ."

ಹೇಜಲ್ ಲಾಟೀನು ಇಳಿಸಿದಳು. "ಯಾರ ಹೆಂಡ್ತಿ ನೀನು?"

"ಕೀಫನ ಹೆಂಡ್ತಿ, ಹನೋರಾ." ಹಲಗೆ ನಿಂತಿತು. "ಆಗಿದ್ದೆ."

"ಓ... ಯಾವಾಗ?"

"ಇವತ್ತಿಗೆ ಮೂರು ತಿಂಗಳು."

ಪಾಠ ಚೆನ್ನಾಗಿ ಓದಿಕೊಂಡಿದ್ದಾಳೆ ಅನ್ನಿಸಿತು ಹೇಜಲ್‌ಗೆ. "ಹಾಗಾದ್ರೆ ಇವತ್ತೇ ಹೆಸರು ಹೇಳ್ಬೇಕಲ್ಲ."

"ರಾತ್ರಿ ಡೋಲು ಬಾರ್ಸೋದ್ರೊಳಗೆ. ಇಲ್ಲಾಂದ್ರೆ ಬೆಳಗಾಗ್ತಿದ್ದಂಗೆ ಗೇಟಿನಾಚೆಗೆ ಅಂತ ಸಾರ್ಜೆಂಟು ಹೇಳವ್ನೆ. ನಾನೂ... ಮಗೂನೂ. ಅದಕ್ಕೆ ಇನ್ನೂ ಎರಡು ತುಂಬಿಲ್ಲ."

"ಯಾರೂ ಕೇಳ್ಲಿಲ್ವಾ ನಿನ್ನ?"

"ಇಬ್ರು ಕೇಳಿದ್ರು. ಒಬ್ಬ ಹೊಡೀತಾನೆ. ಅವನ ಮೊದಲ್ನೆ ಹೆಂಡ್ತಿ ಮುಖ ನಾನು ನೋಡಿದೀನಿ." ಬಟ್ಟೆ ಹಿಂಡಿದಳು. ನೀರು ತೊಟತೊಟ ಬಿತ್ತು. "ಇನ್ನೊಬ್ಬ, ಕೀಫ ಸತ್ತ ಮೇಲೆ ಅವನ ಬೂಟು ಹರಾಜಲ್ಲಿ ಹಿಡ್ದಿದ್ದ. ಅದನ್ನೇ ಮೆಟ್ಕೊಂಡು ಬಂದು ಕೇಳ್ದ."

ಆ ಬೂಟಿನ ಮಾತು ಪಾಠದಲ್ಲಿ ಇರಲಿಲ್ಲ.

"ನಿಂದು ಎಷ್ಟಾಯ್ತು ಅಕ್ಕಾ?"

"ಏಳು ತಿಂಗಳು," ಅಂದಳು ಹೇಜಲ್. ನಿಜವೇ ಬಂದುಬಿಟ್ಟಿತ್ತು.

"ಏಳಾ! ಇನ್ನೂ ಒಳಗೇ ಇಟ್ಕೊಂಡವ್ರಾ ನಿನ್ನ?"

"ಹೂಂ. ಒಳಗೇ ಇದೀನಿ."

ಹನೋರಾ ತಲೆಯೆತ್ತಿ ಅವಳ ಮುಖವನ್ನೇ ನೋಡಿದಳು. "ಅತ್ಯಾ, ಅವನು ಹೋದಾಗ?"

"ಇಲ್ಲ."

"ನಾನೂ ಇಲ್ಲ. ಒಗೆಯೋ ಬಟ್ಟೆ ಇತ್ತು." ಥಪ್... ಥಪ್... "ಅಕ್ಕಾ, ನೀನು ಹಳಬಳು. ಒಂದು ಹೆಸರು ಹೇಳು. ಚೆಂದ ಇರೋದು ಬ್ಯಾಡ. ಹೊಡೀದೆ ಇದ್ರೆ ಸಾಕು. ಮಗು ಅತ್ರೆ ಗುರ್ ಅನ್ನದೋನು."

ಆ ಕಾಲದ ದಳದ ನಲವತ್ತು ಸಿಪಾಯಿಗಳ ಹೆಸರು ಹೇಜಲ್‌ಗೆ ಬಾಯಲ್ಲೇ ಇದೆ. ಗೋಡೆಯ ಮೇಲೆ ಪಟ್ಟಿ ಇದೆ, ದಿನಾ ಓದುತ್ತಾಳೆ. ಅದರಲ್ಲೊಂದು ಹೆಸರು ಅಂದಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ತೆರೆದಳು. ಒಬ್ಬನೂ ಬರಲಿಲ್ಲ. ಆ ನಲವತ್ತರಲ್ಲಿ ಯಾರು ಹೊಡೆಯುತ್ತಿದ್ದರೋ ಯಾರು ಇಲ್ಲವೋ, ಯಾವ ಪಟ್ಟಿಯಲ್ಲಿ ಬರೆದಿರುತ್ತಾರೆ? ಹೊಡೆಯುವವನಲ್ಲ ಅಂತ ಗಟ್ಟಿಯಾಗಿ ಹೇಳಬಹುದಾದ ಗಂಡಸು ಅವಳಿಗೆ ಗೊತ್ತಿದ್ದದ್ದು ಜಗತ್ತಿನಲ್ಲಿ ಒಬ್ಬನೇ.

"ಆಂಗಸ್ ಟ್ವೀಡಿ," ಅಂದಳು.

"ಹೊಸಬನಾ? ಕೇಳಿಲ್ಲ ನಾನು." ಹನೋರಾ ಹತ್ತಿರ ಸರಿದಳು. ಸೀಗೆಯಂಥ ಘಾಟು, ಒದ್ದೆ ಉಣ್ಣೆಯ ವಾಸನೆ. "ಕುಡೀತಾನಾ?"

"ಕ್ರಿಸ್ಮಸ್ಸಿಗೆ ಒಂದು ಲೋಟ. ಅಷ್ಟಕ್ಕೇ ಹಾಡು ಶುರು ಮಾಡ್ತಾನೆ."

"ಕೈ ಎತ್ತಾನಾ?"

"ಮೂವತ್ತೊಂದು ವರ್ಷದಲ್ಲಿ ಒಂದ್ಸಲಾನೂ ಇಲ್ಲ. ಸಿಟ್ಟು ಬಂದ್ರೆ ಹೊರಗೆ ಹೋಗಿ ಸೌದೆ ಒಡೀತಾನೆ. ನಮ್ಮನೇಲಿ ಸೌದೆಗೆ ಯಾವತ್ತೂ ಕೊರತೆ ಆಗಿಲ್ಲ."

ಹನೋರಾ ನಕ್ಕಳು. ಬಾಯಿ ಮುಚ್ಚಿಕೊಂಡು, ಸದ್ದಿಲ್ಲದೆ. "ಮಕ್ಳಂದ್ರೆ?"

"ನಮಗೆ ಆಗ್ಲಿಲ್ಲ." ಹೇಜಲ್ ಲಾಟೀನನ್ನು ಇನ್ನೊಂದು ಕೈಗೆ ಬದಲಿಸಿದಳು. "ಊರ ಮಕ್ಳ ಹೆಸರೆಲ್ಲ ಅವನ ಬಾಯಲ್ಲಿ. ಚಳೀಲಿ ಕೈಗವಸು ಮರೆತು ಬಂದ ಮಗೂಗೆ ತನ್ನದನ್ನೇ ಬಿಚ್ಚಿ ಹಾಕ್ತಾನೆ. ಆಮೇಲೆ ಮನೆಗೆ ಬಂದು ಕಳೆದುಹೋಯ್ತು ಅಂತ ನನ್ನ ಹತ್ರ ಸುಳ್ಳು ಹೇಳ್ತಾನೆ. ನಾನು ಇನ್ನೊಂದು ಹೆಣೀತೀನಿ. ಎಷ್ಟು ಹೆಣೆದೆನೋ ಏನೋ."

"ರಾತ್ರಿ ಹೊತ್ತು?"

"ಕಾಲು ತಣ್ಣಗಿದ್ರೆ ಬೈಯಲ್ಲ. ತನ್ನ ಕಾಲ ಮಧ್ಯೆ ಇಟ್ಕೊಂಡು ಬೆಚ್ಚಗೆ ಮಾಡ್ತಾನೆ."

ಇದನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ಆಡಿದ್ದು ಅವಳಿಗೇ ಕೇಳಿಸಿತು. ಜೋಮು ಬಿಡುವಾಗ ಸೂಜಿ ಚುಚ್ಚಿದ ಹಾಗಾಗುತ್ತದಲ್ಲ, ಎದೆಯಲ್ಲಿ ಅಷ್ಟು ಆಯಿತು. ಹೆಚ್ಚೇನಿಲ್ಲ.

ಆಗಲೇ ಶುರುವಾದದ್ದು. ದೊಡ್ಡ ಬಾಗಿಲ ಕಡೆಯಿಂದ... ಡರ್‍ರ್‍ರ್... ಟಕ್. ಡರ್‍ರ್‍ರ್... ಟಕ್. ಎಳೆದು ಕಟ್ಟಿದ ಚರ್ಮದ ಮೇಲೆ ಎರಡು ಕೋಲು. ಕೋಟೆಯಲ್ಲಿ ಇರುವುದು ಒಂದೇ ಡೋಲು, ಅದು ಬಾರಿಸುವ ಹುಡುಗಿಯ ಜೊತೆ ಬೆಳಿಗ್ಗೆಯೇ ಊರು ಬಿಟ್ಟಿತ್ತು.

ಹನೋರಾ ಎದ್ದಳು. ತೊಟ್ಟಿಯನ್ನು ಸೊಂಟಕ್ಕೆ ಏರಿಸಿದಳು. "ಆಂಗಸ್ ಟ್ವೀಡಿ," ಅಂದಳು. "ಆಂಗಸ್ ಟ್ವೀಡಿ." ಮರೆತರೆ ಗತಿಯಿಲ್ಲ ಅನ್ನುವವರ ಹಾಗೆ. ಎರಡು ಹೆಜ್ಜೆ ಹೋಗಿ ತಿರುಗಿದಳು.

"ಅಕ್ಕಾ... ನಿಂಗೆ ಬ್ಯಾಡ್ವಾ ಅವನು?"

ಡೋಲು ಜೋರಾಗುತ್ತಿತ್ತು.

"ನನ್ನ ಹತ್ರ ಸುಮ್ನೆ ಕೂತಿದಾನೆ," ಅಂದಳು. "ಮಗು ಕಾಯ್ತಿರುತ್ತೆ. ಕರ್ಕೊಂಡು ಹೋಗು."

ಹೆಂಗಸು ಸಿಪಾಯಿಗಳ ಮನೆಯ ಮೂಲೆ ತಿರುಗಿದಳು. ಲಂಗದ ಸರಸರ... ಕೋಲಿನ ಟಕ್... ಆಮೇಲೆ ಎರಡೂ ಒಟ್ಟಿಗೆ ನಿಂತವು. ನದಿಯ ಆಚೆ ಅಮೆರಿಕದ ಕಡೆ ಯಾವುದೋ ಲಾರಿ ಗೇರು ಬದಲಿಸಿತು.

ಹೇಜಲ್ ಹಿಂದಿನ ಬಾಗಿಲಿನಿಂದ ಹೊರಬಿದ್ದು, ರಸ್ತೆಗೆ ಬಂದು ಪರ್ಸಿಗೆ ಫೋನ್ ಮಾಡಿದಳು.

"ಪರ್ಸಿ, ಆ ಹೊಸ ಹುಡುಗೀನ ಒಳಗೇ ಬಿಟ್ಟು ಬೀಗ ಹಾಕಿದೀಯ ನೋಡು. ಬಟ್ಟೆ ಒಗೆಯೋ ವೇಷದೋಳು."

"ಯಾವ ಹುಡುಗಿ? ಒಗೆಯೋ ವೇಷ ಇರೋದೇ ಒಂದು ಜೊತೆ ಮಾರಾಯ್ತಿ, ಅದು ನಿನ್ನ ಮೈಮೇಲಿದೆ." ಅವನ ಕಾರು ನಿಧಾನವಾದದ್ದು ಕೇಳಿಸಿತು. "ಹೇಜಲ್? ಎಲ್ಲಿದೀಯ? ಬರ್ಲಾ?"

ಅವಳು ಫೋನ್ ಇಳಿಸಿದಳು. ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಳು. ಬೆನ್ನಲ್ಲಿ ಚಳುಕು ಹುಟ್ಟಬೇಕಿತ್ತು, ಹುಟ್ಟಲಿಲ್ಲ. ಹೆದರಿಕೆ ಬರುವ ಜಾಗದಲ್ಲಿ ಬೇರೇನೋ ಬಂತು. ಕೊಟ್ಟುಬಿಟ್ಟೆನಲ್ಲ, ಅಂದುಕೊಂಡಳು. ಕೇಳಿದವಳಿಗೆ ಎತ್ತಿ ಕೊಟ್ಟುಬಿಟ್ಟೆನಲ್ಲ. ಅಷ್ಟೇ. ಪರ್ಸಿ ಕಾರು ತಿರುಗಿಸಿಕೊಂಡು ಬಂದಾಗ ಅವಳು ಬಿಳಿ ಟೋಪಿಯನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಪರ್ಸಿ ಇಂಜಿನ್ ಆರಿಸಿ ಪಕ್ಕದಲ್ಲಿ ಕೂತ. ಒಂದು ಗಂಟೆಯಾದರೂ ಕೂತಿದ್ದನಂತೆ.

ಶನಿವಾರ ಡೋರಿನ್ ಬಂದಳು. ಜಗಳಕ್ಕೆ ಸಿದ್ಧವಾಗಿಯೇ ಬಂದಿದ್ದಳು, ಪಾಪ. ಹೇಜಲ್ ಸ್ಟೂಲು ಹತ್ತಿ, ಫ್ರಿಜ್ಜಿನ ಮೇಲಿನ ಪೆಟ್ಟಿಗೆ ಇಳಿಸಿ, ಧೂಳು ಒರೆಸಿ ಅವಳ ಕೈಗೆ ಕೊಟ್ಟಳು.

"ತಗೊಳ್ಳಿ ಅತ್ತಿಗೆ. ಅಪ್ಪ ಅಮ್ಮನ ಪಕ್ಕಾನೇ ಇಡಿ."

"ಏನಾಯ್ತೇ ನಿಂಗೆ? ಅಷ್ಟು ಹಟ ಮಾಡ್ತಿದ್ದೋಳು?"

"ಬೂದಿ ಅಲ್ವಾ," ಅಂದಳು ಹೇಜಲ್.

ಗುಂಡಿ ತೋಡುವವರು ಮಧ್ಯಾಹ್ನ ಬಂದರು. ನೆಲ ಮೇಲಿನ ಎರಡು ಬೆರಳಷ್ಟು ಗಟ್ಟಿಯಾಗಿತ್ತು, ಒಳಗೆ ಮೆತ್ತಗಿತ್ತು.

ಚಳಿಗಾಲ ಕಳೆಯಿತು. ಮೇ ತಿಂಗಳಲ್ಲಿ ಕೋಟೆ ತೆರೆಯುವ ಹಿಂದಿನ ದಿನ ಪರ್ಸಿಯೂ ಹೇಜಲ್ಲೂ ಸಿಪಾಯಿಗಳ ಮನೆಯ ಹಾಸಿಗೆ ಚೀಲಗಳಿಗೆ ಹೊಸ ಹುಲ್ಲು ತುಂಬಿದರು. ಇಪ್ಪತ್ತು ಮಂಚ ಗಂಡಸರದು. ಮೂಲೆಯಲ್ಲಿ ಕಂಬಳಿ ಅಡ್ಡ ಕಟ್ಟಿ ಮರೆ ಮಾಡಿದ ಒಂದು, ಮದುವೆಯಾದವರದು. ಉಬ್ಬುವ ಹಾಗೆ ಒತ್ತೊತ್ತಿ ತುಂಬಿ, ಬಾಯಿ ಹೊಲಿದರು. ಪರ್ಸಿ ಬೀಗ ಹಾಕಿ ಕೀಲಿಯನ್ನು ಮನೆಗೆ ಒಯ್ದ. ಬೆಳಿಗ್ಗೆ ಅವನೇ ತೆಗೆದ. ಇಪ್ಪತ್ತು ಮಂಚ ಉಬ್ಬಿದ ಹಾಗೇ ಇದ್ದವು. ಮೂಲೆಯದರಲ್ಲಿ ಮಾತ್ರ ಹುಲ್ಲು ತಗ್ಗಿತ್ತು.

"ಯಾರೋ ನುಗ್ಗಿ ಮಲಗಿದಾರೆ ಕಳ್ಳನನ್ಮಕ್ಳು," ಅಂದ ಪರ್ಸಿ. ಆದರೆ ಅವನ ದನಿಯಲ್ಲಿ ಬಲ ಇರಲಿಲ್ಲ. "ಕೊಡವಿ ಸರಿ ಮಾಡ್ಲಾ? ಹತ್ತು ಗಂಟೆಗೆ ಜನ ಬರ್ತಾರೆ."

ಹೇಜಲ್ ಕಂಬಳಿ ಸರಿಸಿ ನಿಂತು ನೋಡಿದಳು. ತುಂಬ ಹೊತ್ತು ನೋಡಿದಳು.

"ಬೇಡ. ಹಾಗೇ ಇರ್ಲಿ," ಅಂದು ಕಂಬಳಿಯನ್ನು ಮೆಲ್ಲಗೆ ಎಳೆದಳು.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡೆದದ್ದಂತೂ ನಡೆದದ್ದೇ. ಪರ್ಸಿ ಇನ್ನೂ ಅಲ್ಲೇ ಬೀಗದ ಕೈ ಹಿಡಿದು ಕೂತಿದ್ದಾನೆ, ಹೋಗಿ ಕೇಳಿ, ದೇವರಾಣೆ ಮಾಡಿ ಹೇಳುತ್ತಾನೆ. ಆ ಮೂಲೆಯ ಹಾಸಿಗೆಯಲ್ಲಿ ಗುಳಿ ಎರಡಲ್ಲ, ಮೂರು. ಎರಡು ದೊಡ್ಡವು. ನಡುವಿನದು ಒಂದೂವರೆ ಮೊಳ.